ಕಟ್ಟೆಗೆ ಇಬ್ಬರು ಕಾವಲುಗಾರರು

ಜಂಟಿ ಸುರಕ್ಷತಾ ಸಮಿತಿಯ ಸಭೆಯಿದ್ದ ದಿನ ಇನಾರಾ ಬೆಳಗಿನ ತಿಂಡಿ ತಿನ್ನುತ್ತಿರಲಿಲ್ಲ. ತಿಂದದ್ದು ಆ ಸಭೆಯಲ್ಲಿ ಹೊಟ್ಟೆಯೊಳಗೆ ನಿಲ್ಲುವುದಿಲ್ಲ ಎಂಬುದು ಅವಳ ಅನುಭವ. ಮೇಜಿನ ಈ ಬದಿಗೆ ಲಾತ್ವಿಯಾ, ಆ ಬದಿಗೆ ಎಸ್ಟೋನಿಯಾ, ನಡುವೆ ಒಂದು ತಟ್ಟೆ ಕಪ್ಪು ರೊಟ್ಟಿ ಮತ್ತು ಉಪ್ಪುಮೀನು. ಮೀನಿನ ವಿಷಯದಲ್ಲಿ ಮಾತ್ರ ಎರಡೂ ಬದಿಗೆ ತಕರಾರಿರಲಿಲ್ಲ.

ಊರು ನಿಜಕ್ಕೂ ಒಂದೇ. ಗಡಿ ಅದರ ನಟ್ಟನಡುವೆ ಹಾದುಹೋಗಿದೆ, ಅಷ್ಟೇ. ಈಚೆಗೆ ಮೆಲ್ನುಪೆ, ಆಚೆಗೆ ಮುಸ್ತ್‌ಯೋ. ಎರಡು ಹೆಸರಿಗೂ ಅರ್ಥ ಕರಿಹೊಳೆ. ಮೇಯರು ಇಬ್ಬರು, ಪೊಲೀಸ್ ಠಾಣೆ ಎರಡು. ಬಿಯರು ಈಚೆಗೆ ಅಗ್ಗವೆಂದು ಆಚೆಯವರು ಬರುತ್ತಾರೆ, ಸಂಬಳ ಆಚೆಗೆ ಹೆಚ್ಚೆಂದು ಈಚೆಯವರು ಹೋಗುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮುದುಕರು ರಷ್ಯನ್‌ನಲ್ಲಿ ಜಗಳವಾಡುತ್ತಾರೆ, ಮಕ್ಕಳು ಇಂಗ್ಲಿಷಿನಲ್ಲಿ, ನಡುವಯಸ್ಸಿನವರು ಕೈಸನ್ನೆಯಲ್ಲಿ. ಈ ಪಾಡು ನೋಡಲಾರದೆ ಎರಡು ಪುರಸಭೆಗಳೂ ಸೇರಿ ಅಂತರ್ಜಾಲದಲ್ಲಿ ಒಂದು ಕಟ್ಟೆ ಕಟ್ಟಿದವು. ಅದರ ಹೆಸರೂ ಕಟ್ಟೆಯೇ. ಇವರು ತಮ್ಮ ಭಾಷೆಯಲ್ಲಿ ಬರೆದರೆ ಅವರಿಗೆ ಅವರ ಭಾಷೆಯಲ್ಲಿ ಕಾಣುತ್ತಿತ್ತು. ಅನುವಾದದ ಕೆಲಸ ಯಂತ್ರದ್ದು. ಕಳೆದುಹೋದ ಬೆಕ್ಕು, ಮಾರಾಟಕ್ಕಿರುವ ಸೈಕಲ್ಲು, ಯಾರ ಮಗ ಯಾರ ಮಗಳ ಜೊತೆ ಹೊಳೆದಂಡೆಯಲ್ಲಿ ಕೂತಿದ್ದ, ಎಲ್ಲವೂ ಅಲ್ಲಿಗೇ ಬರುತ್ತಿತ್ತು. ಈಚೆಯಿಂದ ಕಟ್ಟೆ ನೋಡಿಕೊಳ್ಳುವ ಕೆಲಸ ಇನಾರಾಳದು, ಆಚೆಯಿಂದ ಆರ್ವೋನದು.

ಕಟ್ಟೆಯೇನೋ ಎದ್ದಿತು. ಅದನ್ನು ಕಾಯುವುದು ಹೇಗೆಂಬಲ್ಲಿ ಎರಡು ದೇಶಗಳ ಬುದ್ಧಿಯೂ ಬಯಲಾಯಿತು.

ಆಚೆಯವರು ತಂದ ನಿಯಮ ಒಂದೇ ಸಾಲಿನದು: ಕಟ್ಟೆಯ ಮೇಲೆ ಯಾರಿಗೂ ಕೇಡಾಗದಂತೆ ನೋಡಿಕೊಳ್ಳಬೇಕು. ಹೇಗೆ ಎಂಬುದು ನೋಡಿಕೊಳ್ಳುವವರ ತಲೆನೋವು. ಜೊತೆಗೆ ಒಂದು ಗುರುತಿನ ಕಾರ್ಡು. ಅದಿಲ್ಲದೆ ಅವರ ದೇಶದಲ್ಲಿ ಹಲ್ಲು ಕೀಳಿಸುವುದೂ ಕಷ್ಟ. ಈಚೆಯವರು ತಂದದ್ದು ಒಂದು ದಪ್ಪ ಪುಸ್ತಕ. ಅದರಲ್ಲಿ ಬಳಸಬಾರದ ಪದಗಳೆಲ್ಲ ಅಕಾರಾದಿಯಾಗಿ ಇದ್ದವು. ಬರೆದವರು ಲಾತ್ವಿಯಾ ಬದಿಯ ಅಧ್ಯಕ್ಷ ವಿಸ್ವಾಲ್ದಿಸ್. ಮೂವತ್ತು ವರ್ಷ ಸರ್ಕಾರಿ ಮೊಹರು ಒತ್ತಿ ಒತ್ತಿ ಬಲಗೈ ಎಡಗೈಗಿಂತ ದಪ್ಪವಾಗಿದ್ದ ಮನುಷ್ಯ. ಅವರ ಪುಸ್ತಕದ ಪ್ರಕಾರ ‘ಹಂದಿ’ ನಿಷಿದ್ಧ. ಆದರೆ ಹಂದಿ ಮಾರಾಟಕ್ಕಿದ್ದರೆ ಸರಿ. ಮಾರುವವನನ್ನೇ ಕುರಿತು ಹೇಳಿದ್ದಾದರೆ ಮತ್ತೆ ನಿಷಿದ್ಧ.

“ಯಾರಿಗೂ ಕೇಡಾಗಬಾರದು ಅಂದ್ರೆ ಏನ್ರೀ ಅರ್ಥ?” ಎಂದು ವಿಸ್ವಾಲ್ದಿಸ್ ಮೀನಿನ ಮುಳ್ಳು ತೆಗೆಯುತ್ತ ಕೇಳಿದರು. “ಕೇಡು ಅಂದ್ರೆ ಯಾವ್ದು? ಎಷ್ಟು? ಯಾರು ಅಳೀಬೇಕು?”

ಇನಾರಾ ಅನುವಾದಿಸಿದಳು. ಅವಳ ಅಜ್ಜಿ ಆಚೆಯವಳಾದ್ದರಿಂದ ಎರಡೂ ಭಾಷೆ ಬರುತ್ತಿದ್ದವು. ಆ ತಪ್ಪಿಗೇ ಈ ಕೆಲಸ ಅವಳ ಕೊರಳಿಗೆ ಬಿದ್ದಿತ್ತು. ಆರ್ವೋ ಬಹಳ ಹೊತ್ತು ಕಿಟಕಿಯಾಚೆ ನೋಡಿದ.

“ಕೇಡು ಅಂದ್ರೆ ಕೇಡು,” ಎಂದ.

“ನೋಡಿದ್ರಾ? ಇದೇ ಇವರ ಕಾನೂನು. ಆಕಾಶ ತೋರಿಸಿ ಅದೇ ಚಾವಣಿ ಅಂತಾರೆ!”

“ನಿಮ್ಮ ಪುಸ್ತಕ ಓದಿ ಮುಗಿಸೋ ಹೊತ್ತಿಗೆ ಮಕ್ಕಳು ದೊಡ್ಡವರಾಗಿರ್ತಾರೆ,” ಎಂದ ಆರ್ವೋ. ಅವನ ಮಟ್ಟಿಗೆ ಅದು ಭಾಷಣ. ಆಡಿ ಸುಸ್ತಾದವನಂತೆ ನೀರು ಕುಡಿದ.

ನಡುಬೇಸಿಗೆಯ ಲೀಗೋ ಹಬ್ಬದೊಳಗೆ ಒಪ್ಪಂದವಾಗದಿದ್ದರೆ ಕಟ್ಟೆ ಮುಚ್ಚುತ್ತೇವೆಂದು ಇಬ್ಬರು ಮೇಯರುಗಳೂ ಗದರಿಸಿದ್ದರಿಂದ ಕೊನೆಗೊಂದು ರಾಜಿಯಾಗಿತ್ತು. ನಿಮ್ಮವರನ್ನು ನೀವು ಕಾಯಿರಿ, ನಮ್ಮವರನ್ನು ನಾವು ಕಾಯುತ್ತೇವೆ, ಒಬ್ಬರ ಬಾಗಿಲಿಗೆ ಇನ್ನೊಬ್ಬರು ಇಣುಕಬಾರದು. ಈ ಊರಿನಲ್ಲಿ ಇದಕ್ಕಿಂತ ಸಿಹಿಯಾದ ಮಾತಿಲ್ಲ. ಗಡಿಯಾಚೆಯವನನ್ನು ‘ನೀನು ನಿನ್ನ ಕೆಲಸ ಸರಿಯಾಗಿ ಮಾಡಿದೆಯಾ’ ಎಂದು ಕೇಳುವುದು ಅವನ ಮುಖಕ್ಕೆ ಉಗಿದ ಹಾಗೆ. ಅಜ್ಜ ಮುತ್ತಜ್ಜಂದಿರ ಕಾಲದಿಂದಲೂ ಯಾರೂ ಕೇಳಿದವರಿಲ್ಲ. ಎಲ್ಲರೂ ಕೈಕುಲುಕಿದರು. ಆ ಖುಷಿಯಲ್ಲೇ ಸಮಿತಿ ತನ್ನ ಜನ್ಮದಲ್ಲೇ ಮೊದಲ ಬಾರಿ ಒಂದು ಸರ್ವಾನುಮತದ ತೀರ್ಮಾನವನ್ನೂ ಮಾಡಿತು: ಕಟ್ಟೆಯ ಅತ್ಯಂತ ಸಭ್ಯ ಬಳಕೆದಾರರಿಗೆ ಓಕ್ ಎಲೆಯ ಚಿತ್ರದ ಒಂದು ಪದಕ. ಯಾರಿಗೆ ಎಂದು ಚರ್ಚೆಯೂ ಆಗಲಿಲ್ಲ. ಆಚೆಯ ಹುಡುಗಿ, ಹದಿಮೂರು ವರ್ಷದ ಲೀಸಿ. ಒಂದು ಕೆಟ್ಟ ಪದವಿಲ್ಲ, ಒಂದು ದೂರಿಲ್ಲ. ಬರೆದದ್ದೆಲ್ಲ ದಯವಿಟ್ಟು, ಧನ್ಯವಾದ, ಕ್ಷಮಿಸಿ.

ಲೀಸಿಯ ಹೆಸರು ಬಂದಾಗ ಇನಾರಾಳ ಎದೆ ತಂಪಾಯಿತು. ಕಟ್ಟೆ ಮುಚ್ಚಬಾರದೆಂದು ಅವಳು ಹಸಿದ ಹೊಟ್ಟೆಯಲ್ಲಿ ಸಭೆಗಳನ್ನು ಸಹಿಸಿದ್ದು ಸಂಬಳಕ್ಕಲ್ಲ, ಆ ಲೀಸಿಗಾಗಿ. ಗಂಡನನ್ನು ಬಿಟ್ಟು ರಾಜಧಾನಿ ರೀಗಾದಿಂದ ತವರಿಗೆ ಮರಳಿದ ಚಳಿಗಾಲದಿಂದ ಅವಳ ಮಗಳು ಮಾದರಾ ಈ ಊರಲ್ಲಿ ಒಬ್ಬರ ಜೊತೆಯೂ ಸೇರಿರಲಿಲ್ಲ. ಇಲ್ಲಿಯ ಮಕ್ಕಳು ಹೊಸಬರನ್ನು ಕಂಡರೆ ಮೊದಲು ಒಂದು ಅಡ್ಡಹೆಸರಿಡುತ್ತಾರೆ. ಮಾದರಾಗೆ ‘ರೀಗಾ ಬಾತು’ ಎಂದಿಟ್ಟರು. ಅವಳು ತಿರುಗಿ ಏನೂ ಅನ್ನದೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಹೀಗೇ ತಿಂಗಳುಗಳು ಕಳೆದವು. ಆಮೇಲೆ ಕಟ್ಟೆಯಲ್ಲಿ ಲೀಸಿ ಸಿಕ್ಕಳು. ಅಂದಿನಿಂದ ಮಗಳು ಊಟಕ್ಕೆ ಕರೆದರೆ ಬರುತ್ತಿದ್ದಳು, ಒಮ್ಮೊಮ್ಮೆ ನಗುತ್ತಲೂ ಇದ್ದಳು. ಬಾರದಿದ್ದ ಮಗಳನ್ನು ಊಟದ ಮೇಜಿಗೆ ಕರೆತಂದವಳ ಬಗ್ಗೆ ತಾಯಿಗೆ ಇರುವ ಋಣಭಾವಕ್ಕೆ ಯಾವ ಪದಕವೂ ಸಾಲದು.

ಕಟ್ಟೆಗೆ ಅಪಾಯವೇನಾದರೂ ಇದ್ದರೆ ಅದು ಇನಾರಾಳ ಮನೆಯೊಳಗೇ ಇತ್ತು. ಅವಳ ತಾಯಿ, ಔಸ್ಮಾ.

ಲೀಗೋ ಹಬ್ಬ ಹತ್ತಿರ ಬಂತೆಂದರೆ ಈಚೆಯ ಹೆಂಗಸರಿಗೆ ಬಾಯಿ ಕಡಿಯುತ್ತದೆ. ಹೂವಿನ ಕಿರೀಟ ಇಟ್ಟುಕೊಂಡು, ಗುಂಪು ಕಟ್ಟಿಕೊಂಡು, ಮನೆಮನೆಯ ಗೇಟಿನ ಮುಂದೆ ನಿಂತು ಮನೆಯವರನ್ನು ಹಾಡಿನಲ್ಲಿ ಹೀಯಾಳಿಸುವುದು ಪದ್ಧತಿ. ಅಂಗಳ ಗುಡಿಸಿಲ್ಲ, ಮಗ ಸೋಮಾರಿ, ಗಿಣ್ಣಿನಲ್ಲಿ ಉಪ್ಪಿಲ್ಲ, ಹೀಗೆ. ಸಾಲಿನ ಕೊನೆಗೆ ‘ಲೀಗೋ’ ಸೇರಿಸಿದರೆ ಯಾವ ಮಾತಿಗೂ ಕ್ಷಮೆಯುಂಟು. ಹೀಯಾಳಿಸಿಕೊಂಡವರು ಒಳಗಿನಿಂದ ಅದಕ್ಕಿಂತ ಖಾರವಾಗಿ ತಿರುಗಿಸಿ ಹಾಡಬೇಕು. ಆಮೇಲೆ ಜೀರಿಗೆ ಗಿಣ್ಣು, ಬಿಯರು. ಔಸ್ಮಾಗೆ ಮೊಣಕಾಲು ನೋವು, ಮನೆಮನೆ ಸುತ್ತಲಾರಳು. ಕಟ್ಟೆ ಬಂದ ಮೇಲೆ ಅವಳಿಗೆ ಎರಡು ದೇಶಗಳ ಅಷ್ಟೂ ಗೇಟುಗಳು ಕುರ್ಚಿಯ ಮುಂದೆಯೇ ಬಂದು ನಿಂತವು.

ಮೊದಲು ಆರ್ವೋನಿಗೇ ಬಿತ್ತು:

“ಆರ್ವೋ ಅಣ್ಣನ ಬಾಯಿಗೆ ಬೀಗ, ಲೀಗೋ ಲೀಗೋ!
ಬೀಗದ ಕೈಯನು ಕೋಳಿಯು ನುಂಗಿತು ಈಗ, ಲೀಗೋ!”

ಯಂತ್ರ ಇದನ್ನು ಹೇಗೆ ಅನುವಾದಿಸಿತೋ, ಆಚೆಯ ಕೋಳಿ ಸಾಕುವವನೊಬ್ಬ ಗಾಬರಿಯಾಗಿ ತನ್ನ ಕೋಳಿಗಳನ್ನು ಎಣಿಸಿದನಂತೆ. ಆದರೆ ಆರ್ವೋನ ಹೆಂಡತಿ ಮಲ್ಲೆಗೆ ತಿರುಳು ಸಿಕ್ಕಿತು. ಅರ್ಧ ಗಂಟೆಯೊಳಗೆ ಅವಳ ಉತ್ತರ ಬಂತು:

“ಔಸ್ಮಾ ಅಜ್ಜಿಯ ಬಾಯಿಗೆ ಬಾಗಿಲೆ ಇಲ್ಲ, ಲೀಗೋ ಲೀಗೋ!
ಬೀಗವ ಹಾಕಲು ಬಂದವ ಓಡಿದನಲ್ಲ, ಲೀಗೋ!”

ಔಸ್ಮಾ ಆ ದಿನವೆಲ್ಲ ಕುಣಿದಾಡಿದಳು. “ನೋಡೇ ಇನಾರಾ, ಆಚೆ ಕಡೆಯವರಿಗೂ ರಕ್ತ ಅನ್ನೋದು ಇದೆ ಕಣೇ!” ಅಲ್ಲಿಂದ ಮುಂದೆ ಕಟ್ಟೆ ಕಟ್ಟೆಯಾಗಿ ಉಳಿಯಲಿಲ್ಲ, ಸಂತೆಯಾಯಿತು. ಬೇಕರಿಯವನು, ಪಾದ್ರಿ, ಇಬ್ಬರು ಮೇಯರುಗಳು, ವಿಸ್ವಾಲ್ದಿಸ್‌ರ ದಪ್ಪ ಕೈ, ಯಾವುದೂ ಉಳಿಯಲಿಲ್ಲ. ಎಲ್ಲರೂ ತಿರುಗಿಸಿ ಕೊಟ್ಟರು. ವಿಸ್ವಾಲ್ದಿಸ್ ಕೂಡ ತಮ್ಮದೇ ಪುಸ್ತಕದ ನಿಷಿದ್ಧ ಪದಗಳಲ್ಲಿ ಒಳ್ಳೆಯದನ್ನು ಆರಿಸಿ, ಬೇರೆ ಹೆಸರಿನಲ್ಲಿ, ಒಂದು ಪದ್ಯ ಹಾಕಿದರು ಎಂದು ಗುಸುಗುಸು.

ಆಮೇಲೆ ಔಸ್ಮಾಳ ಕಣ್ಣು ಪದಕದ ಹುಡುಗಿಯ ಮೇಲೆ ಬಿತ್ತು.

“ಲೀಸಿ ಎಂಬುವ ಬೆಣ್ಣೆಯ ಮುದ್ದೆ, ಲೀಗೋ ಲೀಗೋ!
ಬಿಸಿಲಿಗೆ ಬಾರೇ, ಎಲ್ಲಿ ನೀನಿದ್ದೆ? ಲೀಗೋ!”

ಪದ್ಯಕ್ಕೆ ಪದ್ಯ ಬರಲಿಲ್ಲ. ಬದಲಿಗೆ ಸಮಿತಿಗೆ ಒಂದು ದೂರು ಬಂತು. ಮಾನ್ಯರೇ, ದಯವಿಟ್ಟು ಕ್ಷಮಿಸಿ, ಈ ಅಜ್ಜಿಯ ಮಾತಿನಿಂದ ನನ್ನ ಮನಸ್ಸಿಗೆ ನೋವಾಗಿದೆ, ದಯವಿಟ್ಟು ಅವರನ್ನು ದೂರವಿಡಿ, ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದ. ಆಚೆಯ ನಿಯಮದಂತೆ ಒಬ್ಬರಿಗೆ ಕೇಡಾಗಿತ್ತು. ಈಚೆಯ ಪುಸ್ತಕದಂತೆ ‘ಮುದ್ದೆ’ ದೇಹದ ಅವಹೇಳನ. ಎರಡು ದೇಶಗಳ ಕಾನೂನೂ ಮೊದಲ ಬಾರಿಗೆ ಒಂದೇ ದಾರಿಯಲ್ಲಿ ನಡೆದವು, ಔಸ್ಮಾಳನ್ನು ಕಟ್ಟೆಯಿಂದ ಕೆಳಗಿಳಿಸಿದವು.

ಹಬ್ಬದ ಹಿಂದಿನ ದಿನ ಮನೆಯಲ್ಲಿ ಯುದ್ಧ. ಔಸ್ಮಾ ಒಲೆಯ ಮುಂದೆ ನಿಂತು ಹಬ್ಬದ ಗಿಣ್ಣಿಗೆ ಹಾಲು ತಿರುವುತ್ತಿದ್ದಳು. ಮಾದರಾ ಬಾಗಿಲಲ್ಲಿ ನಿಂತಿದ್ದಳು.

“ನಂಗೆ ಇರೋದು ಒಬ್ಳೇ ಫ್ರೆಂಡು ಅಜ್ಜಿ! ಒಬ್ಳೇ! ಅವಳನ್ನೂ ಬೈದು ಓಡಿಸ್ತೀಯಲ್ಲ!”

“ಓಡಿ ಹೋದ್ಲಾ?”

“ಇಲ್ಲ. ಅವಳು ನಿನ್ ಥರ ಅಲ್ಲ, ಒಳ್ಳೇಳು. ನಿಮ್ಮಜ್ಜಿನ ಕ್ಷಮಿಸಿದೀನಿ ಅಂದ್ಲು.”

“ಅಯ್ಯೋ ದೇವ್ರೇ,” ಎಂದಳು ಔಸ್ಮಾ. ಸೌಟು ನಿಂತಿತು. “ಹದಿಮೂರು ವರ್ಷದ್ದು ಕ್ಷಮಿಸ್ತಂತಾ? ನನ್ನ ವಯಸ್ಸಿಗೇ ಇನ್ನೂ ಕ್ಷಮಿಸೋದು ಬಂದಿಲ್ಲ ಕಣೇ.”

“ನಾಳೆ ನಿಮ್ಮ ಬೆಂಕಿ ಹಬ್ಬಕ್ಕೆ ನಾನು ಬರಲ್ಲ! ನಾನು ಲೀಸಿ ಜೊತೆ ಇರ್ತೀನಿ!” ಎಂದು ಮಾದರಾ ಕಿರುಚಿದಳು. ಕಿರುಚಿದ ಮೇಲೆ ಏನೋ ಬಿಟ್ಟುಕೊಟ್ಟವಳಂತೆ ಬಾಯಿ ಮುಚ್ಚಿಕೊಂಡು ಒಳಗೋಡಿದಳು.

ಇನಾರಾ ತಾಯಿಯ ಮೇಲೆ ಹರಿಹಾಯ್ದಳು. “ಸಾಕಾಯ್ತಾ ಅಮ್ಮಾ? ಎಷ್ಟು ತಿಂಗಳಾದ್ಮೇಲೆ ಅವಳ ಮುಖದಲ್ಲಿ ನಗು ನೋಡಿದ್ದೆ ನಾನು!”

ಔಸ್ಮಾ ಉರಿಯನ್ನು ಸಣ್ಣದು ಮಾಡಿದಳು. ಅವಳ ದನಿಯಲ್ಲಿ ಎಂದಿನ ಕುಚೇಷ್ಟೆಯಿರಲಿಲ್ಲ. “ನನ್ನನ್ನ ಆಮೇಲೆ ಬೈಯಿ. ಮೊದ್ಲು ಇದನ್ನ ಕೇಳು. ಈ ಊರಲ್ಲಿ, ಹೊಳೆ ಈಚೆಗಾಗ್ಲಿ ಆಚೆಗಾಗ್ಲಿ, ಬೈಸ್ಕೊಂಡು ತಿರುಗಿ ಬೈಯದೇ ಇರೋ ಮಗು ನಾನು ನೋಡಿಲ್ಲ. ಒಂದೋ ಬೈಯತ್ತೆ, ಇಲ್ಲಾ ನಮ್ಮ ಮಾದರಾ ಥರ ಅಳತ್ತೆ. ಅರ್ಜಿ ಬರೆಯಲ್ಲ. ಅದು ಮಗು ಅಲ್ಲ ಕಣೇ.”

“ಏನಮ್ಮಾ ಹಾಗಂದ್ರೆ? ಎರಡು ದೇಶದ ಸಮಿತಿ ಪದಕ ಕೊಟ್ಟಿದೆ ಅವಳಿಗೆ!”

“ಅದೇ ಭಯ ನಂಗೆ,” ಎಂದಳು ಔಸ್ಮಾ.

ಇನಾರಾ ಬಾಗಿಲು ಬಡಿದುಕೊಂಡು ಹೊರಟಳು. ಅಮ್ಮನ ಮಾತು ಹುಚ್ಚು ಎಂದುಕೊಂಡೇ ನಡೆದಳು. ಕಾಲುಗಳು ಮಾತ್ರ ಬೇಗ ಬೇಗ ಗಡಿಯ ಕಡೆ ಹೋಗುತ್ತಿದ್ದವು. ಚೌಕದ ಮಧ್ಯದಲ್ಲಿ ಗಡಿಯ ಮೇಲೆಯೇ ನಿಲ್ಲಿಸಿರುವ ದೊಡ್ಡ ಮರದ ಉಯ್ಯಾಲೆಗೆ ಯಾರೋ ಬರ್ಚ್ ಮರದ ಸೊಪ್ಪು ಕಟ್ಟುತ್ತಿದ್ದರು. ಹತ್ತು ಜನ ಒಟ್ಟಿಗೆ ನಿಂತು ತೂಗುವ ಉಯ್ಯಾಲೆ. ಮುಂದಕ್ಕೆ ಹೋದರೆ ಎಸ್ಟೋನಿಯಾ, ಹಿಂದಕ್ಕೆ ಬಂದರೆ ಲಾತ್ವಿಯಾ.

ಆರ್ವೋ ತನ್ನ ಸೌನಾ, ಅಂದರೆ ಹಬೆಸ್ನಾನದ ಮನೆಯ ಮುಂದೆ ಕೂತು ಮೈ ಬಡಿದುಕೊಳ್ಳುವ ಸೊಪ್ಪಿನ ಕಟ್ಟು ಕಟ್ಟುತ್ತಿದ್ದ. ಇನಾರಾ ಏದುಸಿರು ಬಿಡುತ್ತ ಅವನೆದುರು ನಿಂತಳು. ಈ ಊರಿನಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಬೇಕಿತ್ತು. ಮುಖ ಕೆಂಪಾಯಿತು.

“ಆರ್ವೋ ಅವರೇ, ತಪ್ಪು ತಿಳ್ಕೋಬೇಡಿ. ಆ ಲೀಸಿ ಹುಡುಗಿ... ಅವಳ ಕಾರ್ಡು ನೀವು ನೋಡಿದೀರಿ ತಾನೆ?”

ಆರ್ವೋ ಸೊಪ್ಪು ಕೆಳಗಿಟ್ಟ. “ಇಲ್ಲ.”

“ಇಲ್ಲ ಅಂದ್ರೆ?”

“ಅವಳು ನಿಮ್ಮ ಕಡೆ ಬಾಗಿಲಿಂದ ಸೇರಿದ್ದು. ಲಾತ್ವಿಯಾ ಅರ್ಜಿ. ವಿಸ್ವಾಲ್ದಿಸ್ ಮೊಹರು ಇದೆ.”

“ಅಯ್ಯೋ, ನಾವು ಮೊಹರು ಒತ್ತಿದ್ದು ಅವಳು ನಿಮ್ಮವಳು ಅಂತ! ಎಸ್ಟೋನಿಯಾದವಳು, ಅಂದ್ಮೇಲೆ ಕಾರ್ಡ್ ನೋಡೇ ಇರ್ತಾರೆ, ನಾವು ಕೇಳಿದ್ರೆ ಮರ್ಯಾದೆ ಅಲ್ಲ ಅಂತ...”

“ನಾವೂ ಹಾಗೇ,” ಎಂದ ಆರ್ವೋ. “ನಿಮ್ಮ ಮೊಹರು ನೋಡಿ ಕೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ.”

ಮನೆಯ ಮುಂಬಾಗಿಲಿಗೊಬ್ಬ, ಹಿಂಬಾಗಿಲಿಗೊಬ್ಬ ಕಾವಲು; ಕಳ್ಳ ಇಬ್ಬರಿಗೂ ನಮಸ್ಕಾರ ಹೇಳಿ ಒಳಗೆ ಬಂದಿದ್ದ.

ಆರ್ವೋ ಫೋನು ತೆಗೆದು ಲೀಸಿ ತನ್ನ ಭಾಷೆಯಲ್ಲಿ ಬರೆದದ್ದನ್ನೆಲ್ಲ ಮೂಲದಲ್ಲೇ ಓದತೊಡಗಿದ. ಓದಿದಷ್ಟೂ ಅವನ ಹುಬ್ಬು ಮೇಲೇರಿತು.

“ಇದು ನಮ್ಮ ಕಡೆ ಹುಡುಗಿ ಅಲ್ಲ,” ಎಂದ.

“ಭಾಷೆ ತಪ್ಪಿದೆಯಾ?”

“ಭಾಷೆ ಸರಿ ಇದೆ. ಮಾತು ಜಾಸ್ತಿ. ನೋಡಿ, ಒಂದೇ ಪತ್ರದಲ್ಲಿ ಮೂರು ಸಲ ಧನ್ಯವಾದ. ನನ್ನ ಮಲ್ಲೆ ಮದುವೆ ಆದಾಗಿಂದ ಒಂದ್ ಸಲ ಹೇಳಿದಾಳೆ, ಅದೂ ಮನೆಗೆ ಬೆಂಕಿ ಬಿದ್ದಾಗ.” ಅಷ್ಟು ಹೇಳಿ ಶಾಲೆಯ ಹೆಡ್‌ಮಾಸ್ಟರಿಗೆ ಫೋನು ಮಾಡಿದ. ಸಂಭಾಷಣೆ ನಾಲ್ಕು ಪದಗಳಲ್ಲಿ ಮುಗಿಯಿತು. ಆ ವಯಸ್ಸಿನ ಲೀಸಿ ಮುಸ್ತ್‌ಯೋದಲ್ಲಿ ಇರಲಿಲ್ಲ.

ಅವತ್ತು ಸಂಜೆ ಮಾದರಾಳ ಬಾಯಿ ಬಿಡಿಸಲು ಔಸ್ಮಾ ಹೋಗಲಿಲ್ಲ, ಹೋದವಳು ತಾಯಿ. ಇನಾರಾ ಬೈಯಲಿಲ್ಲ, ಹೆದರಿಸಲಿಲ್ಲ. ಹಾಸಿಗೆಯ ಮೇಲೆ ಮಗಳ ಪಕ್ಕ ಕೂತು, ತಾನು ಮಾಡಿದ ತಪ್ಪನ್ನು ಇದ್ದ ಹಾಗೆ ಹೇಳಿದಳು: ಬಾಗಿಲು ಕಾಯುವ ಕೆಲಸ ನಂದಾಗಿತ್ತು, ನಾನು ಕಾಯಲಿಲ್ಲ. ಮಾದರಾ ನಂಬಲಿಲ್ಲ. ಆದರೆ ಹೇಳಿದಳು. ನಾಳೆ ಸಂಜೆ ಉಯ್ಯಾಲೆಯ ಹತ್ತಿರದ ಬೆಂಚಿನಲ್ಲಿ ಲೀಸಿ ಸಿಗುತ್ತಾಳೆ. ಅಮ್ಮನಿಗೆ ಹೇಳಬೇಡ ಅಂದಿದ್ದಾಳೆ, ಉಡುಗೊರೆ ತರುತ್ತಾಳೆ. “ನೀನೇ ಬಂದು ನೋಡು. ಅವಳು ಬಂದೇ ಬರ್ತಾಳೆ. ಆಗ ನೀನೂ ಅಜ್ಜಿನೂ ಅವಳ ಹತ್ರ ಸಾರಿ ಕೇಳ್ಬೇಕು.”

“ಕೇಳ್ತೀನಿ,” ಎಂದಳು ಇನಾರಾ. ಕೇಳುವ ಹಾಗಾಗಲಿ ಎಂದು ಮನಸಾರೆ ಬೇಡಿಕೊಂಡಳು.

ಮಾರನೆಯ ದಿನ ಮಧ್ಯಾಹ್ನ, ಇನಾರಾ ಮತ್ತು ಆರ್ವೋ ಕೊಟ್ಟ ಸುದ್ದಿಯ ಮೇಲೆ, ಎರಡು ಠಾಣೆಗಳಿಂದ ಒಬ್ಬೊಬ್ಬ ಪೊಲೀಸು ಚೌಕಕ್ಕೆ ಬಂದರು. ಎಂದಿನಂತೆ ಒಬ್ಬ ಈಚೆ, ಒಬ್ಬ ಆಚೆ. ಹೇಳಿದ ಹೊತ್ತಿಗೆ ಬೆಂಚಿನ ಮೇಲೆ ಬಂದು ಕೂತದ್ದು ಒಬ್ಬ ಗಂಡಸು. ಐವತ್ತರ ಹತ್ತಿರ, ಒಪ್ಪವಾಗಿ ಕತ್ತರಿಸಿದ ನರೆಗಡ್ಡ, ಬೋಳುತಲೆ, ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ರಿಬ್ಬನ್ ಕಟ್ಟಿದ ಒಂದು ಚೀಲ. ಪಕ್ಕದಲ್ಲಿ ಹೋದ ಮುದುಕಿಗೆ ಎದ್ದು ನಿಂತು ದಾರಿ ಬಿಟ್ಟ. ಬಹಳ ಸಭ್ಯ.

“ಬೆಂಚಿನ ಮೇಲೆ ಕೂರೋದು ಎಸ್ಟೋನಿಯಾದಲ್ಲಿ ಅಪರಾಧ ಅಲ್ಲ,” ಎಂದು ಆಚೆಯ ಪೊಲೀಸು ಪಿಸುಗುಟ್ಟಿದ.

“ನಮ್ಮಲ್ಲೂ ಅಲ್ಲ,” ಎಂದ ಈಚೆಯವನು ದುಃಖದಿಂದ.

ಇನಾರಾ ಮಗಳನ್ನು ಹಿಡಿದುಕೊಂಡು ರೊಟ್ಟಿ ಹುಳಿಯಿಸಿ ಮಾಡಿದ ಕ್ವಾಸ್ ಪಾನಕ ಮಾರುವ ದೊಡ್ಡ ಪೀಪಾಯಿಯ ಹಿಂದೆ ನಿಂತಿದ್ದಳು. ಮಾದರಾ ಬೆಂಚನ್ನು ನೋಡಿದಳು, ಸುತ್ತಮುತ್ತ ನೋಡಿದಳು, ಮತ್ತೆ ಬೆಂಚನ್ನು ನೋಡಿದಳು.

“ಅದು ಬೇರೆ ಯಾರೋ. ಲೀಸಿ ಇನ್ನೂ ಬಂದಿಲ್ಲ,” ಎಂದಳು. ದನಿ ಸಣ್ಣದಾಗಿತ್ತು. ಮಾದರಾ ತಾನೇ ಫೋನು ತೆಗೆದು, ತಾನೇ ಬರೆದಳು: ಎಲ್ಲಿದೀಯ? ಒತ್ತಿದಳು.

ಬೆಂಚಿನ ಮೇಲಿದ್ದವನ ಜೇಬು ಟಿಣ್ ಎಂದಿತು. ಅವನು ಫೋನು ತೆಗೆದು ನೋಡಿ ಮುಗುಳ್ನಕ್ಕು ಬೆರಳಾಡಿಸಿದ. ಮಾದರಾಳ ಕೈಯಲ್ಲಿ ಉತ್ತರ ಬೆಳಗಿತು: ಇಲ್ಲೇ ಇದೀನಿ ನನ್ನ ಮುದ್ದು ಗೆಳತಿ, ಧನ್ಯವಾದ.

ಆ ಕ್ಷಣದಲ್ಲಿ ಇನಾರಾಗೆ ಅವನ ಕಣ್ಣು ಕಿತ್ತುಬಿಡಬೇಕೆನಿಸಿತು; ನಿಜವಾಗಿಯೂ ಒಂದು ಹೆಜ್ಜೆ ಇಟ್ಟಳು ಕೂಡ. ಆದರೆ ಅವಳಿಗಿಂತ ಮೊದಲು ಚೌಕದ ಮೂಲೆಯಿಂದ ಹಾಡು ಎದ್ದಿತು. ಹೂವಿನ ಕಿರೀಟ ತೊಟ್ಟ ಹೆಂಗಸರ ದಂಡು, ಮುಂದೆ ಕೈಗಾಡಿಯಲ್ಲಿ ರಾಣಿಯಂತೆ ಕೂತ ಔಸ್ಮಾ, ಗಾಡಿ ತಳ್ಳುತ್ತಿದ್ದವಳು ಮಲ್ಲೆ:

“ಲೀಸಿ ಬಂದಳು ಗಡ್ಡವ ಬಿಟ್ಟು, ಲೀಗೋ ಲೀಗೋ!
ಹದಿಮೂರಕ್ಕೇ ತಲೆಗೂದಲ ಕೊಟ್ಟು, ಲೀಗೋ!”

ಅವನು ಎದ್ದುನಿಂತ. ಕ್ಷಮಿಸಿ, ಏನೋ ತಪ್ಪು ತಿಳುವಳಿಕೆಯಾಗಿದೆ, ಎಂದು ಎರಡು ಭಾಷೆಯಲ್ಲೂ ಹೇಳಿದ. ಹೆಂಗಸರು ‘ಲೀಗೋ’ ಎಂದರು. ಅವನು ಆಚೆಗೆ ಓಡಿದ, ಈಚೆಯ ಪೊಲೀಸು ರೂಢಿಯಂತೆ ಗಡಿಯಲ್ಲಿ ನಿಂತು, “ನಿಮ್ಮ ಕಡೆ ಬಂದ, ನೀವು ನೋಡ್ಕೊಳಿ!” ಎಂದು ಕೂಗಿದ. ಆಚೆ ಕಿರೀಟಗಳ ಗೋಡೆ. ಅವನು ಈಚೆಗೆ ತಿರುಗಿದ, ಆಚೆಯ ಪೊಲೀಸು ನಿಂತು, “ಈಗ ನಿಮ್ಮ ಕಡೆ!” ಎಂದ. ಎರಡೂ ಕಡೆ ದಾರಿಯಿಲ್ಲದೆ ಆತ ಉಯ್ಯಾಲೆಯ ಹಲಗೆ ಹತ್ತಿದ. ಅದು ಅವನು ಮಾಡಿದ ದೊಡ್ಡ ತಪ್ಪು. ಹೆಂಗಸರು ಉಯ್ಯಾಲೆಯನ್ನು ತೂಗಲು ಶುರುಮಾಡಿದರು.

ಮುಂದಕ್ಕೆ ಹೋದಾಗ ಎಸ್ಟೋನಿಯಾದವರು ತಳ್ಳಿದರು, ಹಿಂದಕ್ಕೆ ಬಂದಾಗ ಲಾತ್ವಿಯಾದವರು ತಳ್ಳಿದರು. ಇಂಥ ಸಹಕಾರವನ್ನು ಎರಡು ಪುರಸಭೆಗಳು ಎಂದೂ ಕಂಡಿರಲಿಲ್ಲ. ಮೇಲೆ ಮೇಲೆ ಹೋದ ಅವನು ಕಂಬಿ ಅಪ್ಪಿಕೊಂಡು ದಯವಿಟ್ಟು, ದಯವಿಟ್ಟು ಎನ್ನುತ್ತಿದ್ದ. ಕೆಳಗೆ ಅವನ ಗಡ್ಡ, ಇಸ್ತ್ರಿ, ರಿಬ್ಬನ್ನು ಒಂದೊಂದಕ್ಕೂ ಪದ್ಯ ಹುಟ್ಟುತ್ತಿತ್ತು. ವಿಸ್ವಾಲ್ದಿಸ್ ತಮ್ಮ ಪುಸ್ತಕದ ‘ಅ’ ಅಕ್ಷರದಿಂದ ‘ಹ’ ಅಕ್ಷರದವರೆಗೆ ಒಂದನ್ನೂ ಬಿಡದೆ ಗಟ್ಟಿಯಾಗಿ ಕೂಗಿದರು. ಇದರ ನಡುವೆ ಜನ ಒಮ್ಮೆಲೇ ಸುಮ್ಮನಾದರು. ಆರ್ವೋ ಬಾಯಿ ತೆಗೆದಿದ್ದ. ತಲೆಯ ಮೇಲೆ ಓಕ್ ಎಲೆಯ ಕಿರೀಟ, ಮುಖ ಬೀಟ್‌ರೂಟಿನಂತೆ ಕೆಂಪು.

“ಕಾವಲುಗಾರರು ಇಬ್ಬರು ಮಲಗಿ, ಲೀಗೋ ಲೀಗೋ!
ನರಿಯೇ ಕೂತಿತು ಕಟ್ಟೆಗೆ ಒರಗಿ, ಲೀಗೋ!”

“ಕೋಳಿ ಕೊನೆಗೂ ಬೀಗದ ಕೈ ಕಕ್ತು ಕಣ್ರೋ!” ಎಂದು ಔಸ್ಮಾ ಗಾಡಿಯಲ್ಲೇ ಚಪ್ಪಾಳೆ ತಟ್ಟಿದಳು.

ಇಬ್ಬರು ಪೊಲೀಸರೂ ಮಾತಾಡಿಕೊಂಡು, ಉಯ್ಯಾಲೆ ನಿಂತಾಗ ಒಬ್ಬೊಬ್ಬರು ಒಂದೊಂದು ತೋಳು ಹಿಡಿದರು. ಅವನ ಫೋನಿನಲ್ಲಿ ಲೀಸಿಯಂಥ ಗೆಳತಿಯರು ಇನ್ನೂ ಕೆಲವರಿದ್ದರು, ಬೇರೆ ಬೇರೆ ಊರುಗಳ ಕಟ್ಟೆಗಳಲ್ಲಿ. ಎಲ್ಲರೂ ಸಭ್ಯರು.

ಗದ್ದಲ ಅಡಗಿದ ಮೇಲೆ ಇನಾರಾ ಪೀಪಾಯಿಯ ಹಿಂದೆ ಬಂದಳು. ಮಾದರಾ ನೆಲದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ.

“ಅಮ್ಮಾ,” ಎಂದಳು. “ಹಾಗಾದ್ರೆ ನಾನು ಅತ್ತಾಗೆಲ್ಲ ಅಳಬೇಡ ಅಂತ ಹೇಳ್ತಿದ್ದಿದ್ದು ಯಾರು?”

ಇನಾರಾ ಪಕ್ಕದಲ್ಲಿ ಕೂತು ಮಗಳನ್ನು ಎದೆಗವಚಿಕೊಂಡಳು. ಅತ್ತವಳು ತಾಯಿಯೇ.

ಸೂರ್ಯ ಇನ್ನೂ ಮುಳುಗದ ಆ ಉದ್ದನೆಯ ಸಂಜೆ ಹೊಳೆದಂಡೆಯಲ್ಲಿ ಬೆಂಕಿ ಹೊತ್ತಿಸಿದರು. ಔಸ್ಮಾ ಗಿಣ್ಣು ಹೆಚ್ಚುತ್ತ ಆರ್ವೋನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಏನಯ್ಯಾ, ನನ್ನ ಮೇಲಿನ ನಿಷೇಧ ಯಾವಾಗ ತೆಗೀತೀಯ?”

“ಆಗಲ್ಲ. ದೂರು ಕೊಟ್ಟೋರೇ ವಾಪಸ್ ತಗೋಬೇಕು ಅಂತ ನಿಯಮ.”

“ದೂರು ಕೊಟ್ಟೋನು ಲಾಕಪ್‌ನಲ್ಲಿ ಇದಾನಲ್ಲೋ!”

“ಅದಕ್ಕೊಂದು ಉಪಸಮಿತಿ ಮಾಡ್ಬೇಕು,” ಎಂದರು ವಿಸ್ವಾಲ್ದಿಸ್ ಕಣ್ಣು ಹೊಳೆಯಿಸಿ.

ಮಾದರಾ ಬೆಂಕಿಯಿಂದ ದೂರ, ಒಂದು ದಿಮ್ಮಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಆರ್ವೋನ ಮೊಮ್ಮಗಳು ಕೆರ್ತು ಅವಳ ಹಿಂದೆ ಬಂದು ನಿಂತಳು. ಮಂಡಿಯಲ್ಲಿ ಕೆರೆದ ಗಾಯ, ಕಿರೀಟ ಒಂದು ಕಿವಿಗೆ ಜಾರಿತ್ತು. ಯಂತ್ರದ ಅನುವಾದವನ್ನು ಫೋನಿನಲ್ಲಿ ನೋಡಿಕೊಂಡು, ಒಡಕು ಲಾತ್ವಿಯನ್‌ನಲ್ಲಿ, ಇಡೀ ಹೊಳೆಗೆ ಕೇಳುವ ಹಾಗೆ ಕೂಗಿದಳು:

“ರೀಗಾ ಬಾತು ಅಳುತಾ ಕೂತು, ಲೀಗೋ ಲೀಗೋ!
ಹೊಳೆಗೇ ಉಪ್ಪನು ಹಾಕಿತು ಸೋತು, ಲೀಗೋ!”

ಇನಾರಾ ಧಡಕ್ಕನೆ ಎದ್ದ ಹೊಡೆತಕ್ಕೆ ತಟ್ಟೆ ಉರುಳಿತು. ಇವತ್ತೇ, ಈ ಹೊತ್ತಿಗೇ! ಔಸ್ಮಾ ಮಗಳ ಲಂಗದಂಚು ಹಿಡಿದು ಎಳೆದಳು. “ಕೂತ್ಕೋ. ನೋಡು, ಯಾರು ಹೇಳ್ತಿದಾಳೆ ಅಂತ ಎದುರಿಗೇ ಕಾಣ್ತಿದೆ. ಮಂಡಿ ಗಾಯ ಸಮೇತ.”

ಮಾದರಾ ಅಲುಗಲಿಲ್ಲ. ಕೆರ್ತುವೂ ಜಾಗ ಬಿಡಲಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಕಾದಳು, ಉತ್ತರ ಬರದೆ ಹೋಗುವವಳಲ್ಲವೆಂಬಂತೆ. ಆಗ ಮಾದರಾ ನಿಧಾನವಾಗಿ ತಿರುಗಿದಳು. ಮೂಗು ಒರೆಸಿಕೊಂಡಳು. ಮೊದಲ ಸಾಲು ನಡುಗಿತು, ಎರಡನೆಯದು ನಡುಗಲಿಲ್ಲ:

“ಕೆರ್ತುವಿನ ಹಾಡು ಕಪ್ಪೆಗು ಬೇಸರ, ಲೀಗೋ ಲೀಗೋ!
ಹೊಳೆಯನೆ ಬಿಟ್ಟು ಓಡಿತು ಸರಸರ, ಲೀಗೋ!”

ಕೆರ್ತು ಫೋನಿನಲ್ಲಿ ಅನುವಾದ ನೋಡಿದಳು. ಓದಿದಳು. ಬಾಯಿ ತೆರೆದು ಗಹಗಹಿಸಿ ನಕ್ಕು, ಅದೇ ದಿಮ್ಮಿಯ ಮೇಲೆ ಮಾದರಾಳನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿಕೊಂಡು ಕೂತಳು. ಮಾದರಾ ತಿರುಗಿ ತಳ್ಳಿದಳು.

ಇನಾರಾಗೆ ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಅಮ್ಮನ ಕೈಯಿಂದ ದೊಡ್ಡದೊಂದು ಗಿಣ್ಣಿನ ತುಂಡು ಕಸಿದುಕೊಂಡು, ಇದರಲ್ಲಿ ಉಪ್ಪೇ ಇಲ್ಲ ಎಂದು ಬೈಯುತ್ತ ತಿಂದಳು.